ಫೈಲು ಹುಡುಕುವ ಹೊತ್ತಿಗೆ ಸಮಯ ಮುಗಿದಿರುತ್ತದೆ

ಸಂಪಾದಕರೇ,

ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನಿಗೆ ಕಿಡ್ನಿ ಕಸಿ ಆಗಿದೆ. 2021ರ ಡಿಸೆಂಬರಿನಲ್ಲಿ ಅವಳ ಮನೆಗೆ ಒಂದು ಪತ್ರ ಬಂತು, ಜೊತೆಗೆ ಕೋವಿಡ್ ಪರೀಕ್ಷೆಯ ಪಿಸಿಆರ್ ಕಿಟ್. ಅವಳೇನೂ ಕೇಳಿರಲಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತನ್ನ ದಾಖಲೆಗಳನ್ನೇ ಜಾಲಾಡಿ, ಅಂಗಾಂಗ ಕಸಿ ಆದವರು, ರಕ್ತದ ಕ್ಯಾನ್ಸರ್ ಇರುವವರು, ಡೌನ್ ಸಿಂಡ್ರೋಮ್ ಇರುವವರು, ಹೀಗೆ ಕೋವಿಡ್ ಬಂದರೆ ಜೀವಕ್ಕೇ ಕುತ್ತು ಬರಬಹುದಾದ ಸುಮಾರು 13 ಲಕ್ಷ ಜನರನ್ನು ಗುರುತಿಸಿತ್ತು. ಪಾಸಿಟಿವ್ ಬಂದರೆ ಚಿಕಿತ್ಸೆಗಾಗಿ ಅವರೇ ಫೋನ್ ಮಾಡುತ್ತಿದ್ದರು.

ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಕ್ಷಣ ಕಂಡ 5 ದಿನದೊಳಗೆ ಶುರು ಮಾಡಬೇಕು. ಆದರೆ ದೇಹವು ಕಸಿ ಅಂಗವನ್ನು ತಿರಸ್ಕರಿಸದಂತೆ ಕಸಿ ಆದವರು ನುಂಗುವ ಟ್ಯಾಕ್ರೊಲಿಮಸ್ ಎಂಬ ಔಷಧದ ಜೊತೆ ಅದು ಸೇರಿದರೆ, ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣ ಅಪಾಯದ ಮಟ್ಟಕ್ಕೆ ಏರುತ್ತದೆ. ದಾಖಲೆ ಕಣ್ಣೆದುರಿಗಿದ್ದರೆ ತಾನೇ ವೈದ್ಯರಿಗೆ ಇದು ತಕ್ಷಣ ತಿಳಿಯೋದು?

2023ರ ಮಧ್ಯದಿಂದ ಅಲ್ಲೂ ರೋಗಿಯೇ ಮನೆಯಲ್ಲಿ ಪರೀಕ್ಷೆ ಮಾಡಿಕೊಂಡು, ತಾನೇ ಫೋನ್ ಮಾಡಬೇಕು. ನನಗಂತೂ ಇದು ಸರಿ ಅನಿಸಿಲ್ಲ. ಜ್ವರದಲ್ಲಿ ಮಲಗಿದ ಒಂಟಿ ಮುದುಕರು ಏನು ಮಾಡಬೇಕು?

ನಮ್ಮಲ್ಲಿ ಇನ್ನೂ ಎಷ್ಟೋ ರೋಗಿಗಳ ಚರಿತ್ರೆ ಇರುವುದು ಪ್ಲಾಸ್ಟಿಕ್ ಕವರಿನೊಳಗಿನ ಫೈಲಿನಲ್ಲಿ. ಎಚ್1ಎನ್1 (ಹಂದಿಜ್ವರ) ಬಂದಾಗ ಅದರ ಔಷಧಿ ಒಸೆಲ್ಟಾಮಿವಿರ್ ಮೊದಲ 48 ಗಂಟೆಯಲ್ಲಿ ಕೊಟ್ಟರೆ ಲಾಭ ಜಾಸ್ತಿ, ಅಷ್ಟರಲ್ಲಿ ಫೈಲು ಹುಡುಕುತ್ತಾ ಕೂರೋದಾ? ನಮ್ಮ ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸಲು ಕೇಂದ್ರ ಸರ್ಕಾರ ಕೊಡುವ ಆಭಾ ಸಂಖ್ಯೆ ಸುಮ್ನೆ ಕಾರ್ಡಾಗಿ ಉಳಿಯಬಾರದು. ಕಸಿ ಮತ್ತು ಡಯಾಲಿಸಿಸ್ ರೋಗಿಗಳಿಂದ ಒಪ್ಪಿಗೆ ಪಡೆದು, ಅವರ ಪಟ್ಟಿಯನ್ನು ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಈಗಲೇ ಸಿದ್ಧ ಮಾಡಲಿ.

— ಒಬ್ಬ ಓದುಗ, ಮೈಸೂರು