ಬಿಪಿ ನೋಡುವವರೇ, ನಾಡಿಯನ್ನೂ ಒಂದು ನಿಮಿಷ ಹಿಡಿದು ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಬಿಪಿ ಮಿಷನ್ನಿನ ಪರದೆ ಮೇಲೆ ಮೂರು ತಿಂಗಳು ಒಂದು ಪುಟ್ಟ ಗುರುತು ಕಾಣುತ್ತಿತ್ತು. ಹೃದಯದ ಚಿತ್ರ, ಅದರ ನಡುವೆ ಅಂಕುಡೊಂಕು ಗೆರೆ. ಸೆಲ್ ಮುಗಿದಿರಬೇಕು ಅಂದುಕೊಂಡು ಎರಡು ಸಲ ಸೆಲ್ ಬದಲಾಯಿಸಿದೆವು. ಬಿಪಿ ಸರಿಯಾಗಿದೆ, ಚಿಂತೆ ಮಾಡಬೇಡಿ ಅಂತ ಅಮ್ಮನಿಗೆ ನಾನೇ ಹೇಳಿದ್ದೆ. ಎದೆಬಡಿತದ ಲಯ ತಪ್ಪಿದಾಗ ಆ ಗುರುತು ಬರುತ್ತದೆ ಅಂತ ಮಿಷನ್ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಅದನ್ನು ನಾನು ತೆರೆದು ಓದಿದ್ದು ಅಮ್ಮನಿಗೆ ಲಕ್ವ ಹೊಡೆದ ಮೇಲೆ.

ಅಮ್ಮನಿಗೆ 67 ವರ್ಷ. ಆಗಾಗ ಎದೆ ಡವಡವ ಅನ್ನುತ್ತೆ, ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು ಅನ್ನುತ್ತಿದ್ದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ನೀರು ಕುಡಿಸಿದೆವು. ಡಿಸೆಂಬರ್‌ನ ಒಂದು ಸಂಜೆ ಅವರೆಕಾಳು ಹಿತುಕುತ್ತಾ ಕೂತಿದ್ದವರ ಬಲಗೈಯಿಂದ ಕಾಳು ಜಾರತೊಡಗಿತು, ಮಾತು ತೊದಲಿತು, ಆಯಾಸ ಆಗಿದೆ ಅಂತ ಮಲಗಿಸಿಬಿಟ್ಟೆವು. ರಾತ್ರಿ ಹತ್ತಿರದ ನರ್ಸಿಂಗ್ ಹೋಮ್‌ಗೆ ಒಯ್ದರೆ ಡ್ರಿಪ್ ಹಾಕಿ ಬೆಳಿಗ್ಗೆ ನೋಡೋಣ ಅಂದರು. ತಲೆಯ ಸಿಟಿ ಸ್ಕ್ಯಾನ್ ಆಗುವ ಹೊತ್ತಿಗೆ ಹದಿನಾಲ್ಕು ಗಂಟೆ ಕಳೆದಿತ್ತು. ಅಲ್ಲಿ ಇಸಿಜಿ ನೋಡಿದ ಡಾಕ್ಟರು, "ಇವರಿಗೆ ಏಟ್ರಿಯಲ್ ಫಿಬ್ರಿಲೇಷನ್ ಇದೆ, ಮುಂಚೆ ಯಾರೂ ನಾಡಿ ಹಿಡಿದು ನೋಡಿರಲಿಲ್ವಾ?" ಅಂದರು. ಇಲ್ಲ. ಎಲ್ಲರೂ ಬಿಪಿ ಮಾತ್ರ ನೋಡಿದ್ದರು.

ಆ ದೊಡ್ಡ ಹೆಸರಿನ ಹಿಂದಿರುವ ವಿಷಯ ತುಂಬಾ ಸರಳ. ಹೆಪ್ಪು ಹಾಕಿದ ಹಾಲನ್ನು ಅಲುಗಿಸಬೇಡ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಹಾಲು ಅಲುಗದೆ ನಿಂತರೇ ಮೊಸರು ಗಟ್ಟಿ. ರಕ್ತಕ್ಕೆ ಆಗಬಾರದ್ದು ಅದೇ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡುವುದನ್ನು ಬಿಟ್ಟು ಸುಮ್ನೆ ಅದುರತೊಡಗಿದರೆ, ಎಡಗಡೆ ಕೋಣೆಗೆ ಅಂಟಿಕೊಂಡಿರುವ ಸಣ್ಣ ಚೀಲದಂಥ ಜಾಗದಲ್ಲಿ ರಕ್ತ ನಿಲ್ಲುತ್ತದೆ, ನಿಂತದ್ದು ಹೆಪ್ಪುಗಟ್ಟುತ್ತದೆ, ಆ ಗಡ್ಡೆ ಕಿತ್ತುಕೊಂಡು ಹೊರಟರೆ ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಈ ತೊಂದರೆ ಇರುವವರಿಗೆ ಲಕ್ವ ಹೊಡೆಯುವ ಅಪಾಯ ಉಳಿದವರಿಗಿಂತ ಸುಮಾರು 5 ಪಟ್ಟು ಜಾಸ್ತಿ. ಇದರಿಂದ ಬರುವ ಲಕ್ವ ಸಾಮಾನ್ಯವಾಗಿ ದೊಡ್ಡದೇ ಆಗಿರುತ್ತದೆ. ವಯಸ್ಸು, ಬಿಪಿ, ಶುಗರ್, ಥೈರಾಯ್ಡ್ ಜಾಸ್ತಿ ಇರುವುದು, ಕುಡಿತ ಎಲ್ಲವೂ ಇದಕ್ಕೆ ದಾರಿ ಮಾಡಿಕೊಡುತ್ತವೆ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಕವಾಟ ಕೆಟ್ಟಿದ್ದರೆ ಮೂವತ್ತು, ನಲವತ್ತರಲ್ಲೇ ಬರಬಹುದು.

ನನಗೆ ಹೊಟ್ಟೆ ಉರಿಯುವುದು ಯಾಕೆಂದರೆ ಇದನ್ನು ಕಂಡುಹಿಡಿಯಲು ಪೈಸೆ ಖರ್ಚಿಲ್ಲ. ಐದು ನಿಮಿಷ ಸುಮ್ನೆ ಕೂತ ಮೇಲೆ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳು ಇಟ್ಟು ಪೂರ್ತಿ ಒಂದು ನಿಮಿಷ ನೋಡಿ. ಹೆಬ್ಬೆರಳಿಂದ ನೋಡಬೇಡಿ, ಅದರದ್ದೇ ಬಡಿತ ಸಿಗುತ್ತದೆ. ಸಾಮಾನ್ಯವಾಗಿ 60ರಿಂದ 100 ಇರುತ್ತದೆ, ಆದರೆ ಎಣಿಕೆಗಿಂತ ಮುಖ್ಯ ತಾಳ. ಗಡಿಯಾರದ ಹಾಗೆ ಒಂದೇ ಸಮ ಇದೆಯಾ, ತಾಳ ತಪ್ಪಿದ ಭಜನೆ ಹಾಗೆ ಒಂದು ಬೇಗ ಒಂದು ತಡ ಬರುತ್ತಿದೆಯಾ? ತಪ್ಪಿದ್ದರೆ ಅದೇ ರೋಗ ಅಂತ ತೀರ್ಮಾನ ಮಾಡಬೇಡಿ, ಇಸಿಜಿ ಮಾಡಿಸಿ. ಕೆಲವರಿಗೆ ಇದು ಬಂದು ಹೋಗುತ್ತಿರುತ್ತದೆ, ಒಂದು ಇಸಿಜಿಯಲ್ಲಿ ಸಿಗದಿದ್ದರೆ ಇಡೀ ದಿನ ಎದೆಗೆ ಕಟ್ಟಿಕೊಂಡು ಬಡಿತ ದಾಖಲಿಸುವ ಹೋಲ್ಟರ್ ಅನ್ನುವ ಪುಟ್ಟ ಮಿಷನ್ ಇದೆ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಸಾಲುಸಾಲಾಗಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳ್ಳಂಬೆಳಿಗ್ಗೆ ಎಷ್ಟು ಜನ ನಿಂತಿದ್ದರು ಅಂತ ನಿಮ್ಮ ಪತ್ರಿಕೆಯವರೇ ನೋಡಿದ್ದೀರಿ. ಹೃದಯಾಘಾತದ ಭಯ ನಮಗೆಲ್ಲ ಇದೆ. ಆದರೆ ಲಯ ತಪ್ಪಿದ ಹೃದಯವೇ ಲಕ್ವಕ್ಕೆ ಕಾರಣ ಆಗುತ್ತೆ ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಸಿಗುತ್ತಿದೆ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಹಾಗೆ ಬಂದವರು ಅರವತ್ತು ದಾಟಿದವರ ನಾಡಿಯನ್ನೂ ಒಂದು ನಿಮಿಷ ಹಿಡಿಯಲಿ, ಲಯ ತಪ್ಪಿದ್ದರೆ ಚೀಟಿ ಬರೆದು ಇಸಿಜಿಗೆ ಕಳಿಸಲಿ. ಆರೋಗ್ಯ ಇಲಾಖೆಗೆ ನಾನು ಕೇಳುವುದು ಇಷ್ಟೇ.

ಇನ್ನು ಔಷಧಿ ವಿಷಯ. ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸರಿಯಾಗಿ ತಗೊಂಡರೆ ಈ ಲಕ್ವದ ಅಪಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಪ್ಪುತ್ತದೆ. ಮನೆಯಲ್ಲಿರುವ ಆಸ್ಪಿರಿನ್ ಸಾಕು ಅಂದುಕೊಂಡವರು ಬಹಳ ಇದ್ದಾರೆ. ಸಾಲದು, ಇದಕ್ಕೆ ಬೇರೆಯೇ ಮಾತ್ರೆ ಬೇಕು. ವಾರ್ಫರಿನ್ ಥರದ ಹಳೆಯ ಮಾತ್ರೆಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ, ಹೊಸ ಮಾತ್ರೆಗಳಿಗೆ ಆ ಪರೀಕ್ಷೆ ಬೇಡ. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳಬೇಕು. ಮೈ ಹುಷಾರಾಗಿದೆ ಅಂತ ನೀವೇ ನಿಲ್ಲಿಸಬೇಡಿ ದಯವಿಟ್ಟು.

ಬಾಯಿ ಸೊಟ್ಟ ಆದರೆ, ಒಂದು ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ ಆ ಕ್ಷಣ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ನಾಲ್ಕೂವರೆ ಗಂಟೆಯೊಳಗೆ, ಅದರಲ್ಲೂ ಬೇಗ ಆದಷ್ಟು ಒಳ್ಳೆಯದು. ಪಾರಿವಾಳದ ರಕ್ತ ಹಚ್ಚೋಣ, ನಾಟಿ ಎಣ್ಣೆ ತಿಕ್ಕೋಣ ಅಂತ ಕೂತರೆ ಆ ಹೊತ್ತು ಹೋಗಿಬಿಡುತ್ತೆ. ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ.

ಅಮ್ಮ ಈಗ ಎಡಗೈಯಲ್ಲಿ ಊಟ ಮಾಡುತ್ತಾರೆ. ನನ್ನ ಹೆಸರು ಬಾಯಿಗೆ ಬರಲು ಎರಡು ತಿಂಗಳು ಹಿಡಿಯಿತು.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಅಪ್ಪು ನಮ್ಮನ್ನು ಬಿಟ್ಟುಹೋದದ್ದೂ ಅದೇ ತಾರೀಖು, 2021ರಲ್ಲಿ. ಅವತ್ತು ನಾಡೆಲ್ಲ ಹೃದಯದ ಬಗ್ಗೆ ಮಾತಾಡುತ್ತದೆ. ಆ ದಿನದ ಪತ್ರಿಕೆಯಲ್ಲಿ ನಾಡಿ ನೋಡುವುದು ಹೇಗೆ ಅಂತ ಒಂದು ಚಿತ್ರ ದೊಡ್ಡದಾಗಿ ಹಾಕಿ ಸಾರ್. ಅದನ್ನು ಕತ್ತರಿಸಿ ನಮ್ಮೂರ ಹಾಲಿನ ಡೇರಿ ಗೋಡೆಗೆ ಅಂಟಿಸುವ ಕೆಲಸ ನನ್ನದು.

ಇಂತಿ,
ನಿಮ್ಮ ಓದುಗಳು, ಅರಸೀಕೆರೆ ತಾಲ್ಲೂಕು