ಗಂಟಲು ಕಟ್ಟಿದ ದಿನಗಳ ಋಣ

ಕಳೆದ ವಾರ ನಮ್ಮ ಶಾಲೆಯ ಮೂರನೆಯ ವರ್ಷದ ಹುಡುಗರ ಬೀಳ್ಕೊಡುಗೆ ಸಮಾರಂಭದಲ್ಲಿ ನಾನು ಎರಡು ನಿಮಿಷ ಮಾತನಾಡಿದೆ. ಭಾಷಣದಲ್ಲಿ ವಿಶೇಷವೇನೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಿದ್ದೆ ಕೆಡಬೇಡಿ, ಪ್ರೌಢಶಾಲೆಗೆ ಹೋದ ಮೇಲೂ ನಮ್ಮನ್ನು ಮರೆಯಬೇಡಿ ಎಂಬಂಥ, ಯಾವ ಟೀಚರಾದರೂ ಹೇಳುವ ಮಾತುಗಳು. ಆದರೆ ಆ ಎರಡು ನಿಮಿಷ ನನ್ನ ಧ್ವನಿ ಎಲ್ಲಿಯೂ ಒಡೆಯಲಿಲ್ಲ. ಅದನ್ನು ನನಗಿಂತ ಮೊದಲು ಗಮನಿಸಿ, ಭಾಷಣ ಮುಗಿಯುವ ಮೊದಲೇ ಹಿಂದಿನ ಸಾಲುಗಳಿಂದ ಚಪ್ಪಾಳೆ ತಟ್ಟಿದವರು ಆ ಹುಡುಗರೇ. ಅವರಿಗೂ, ಅವರ ಜೊತೆಗೆ ಇನ್ನೂ ಕೆಲವರಿಗೂ ಸಲ್ಲಬೇಕಾದ ಕೃತಜ್ಞತೆಯನ್ನು ಬರೆದಿಡಲು ಈಗ ಕುಳಿತಿದ್ದೇನೆ. ಕನ್ನಡದಲ್ಲಿ ಏಕೆ ಬರೆಯುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸರಳ: ನನ್ನ ಕೊರಿಯನ್ ಭಾಷೆ ತರಕಾರಿ ಕೊಳ್ಳುವುದಕ್ಕೆ ಸಾಕಾಗುತ್ತದೆಯೇ ಹೊರತು ಇಷ್ಟನ್ನು ಹೇಳುವುದಕ್ಕೆ ಸಾಲದು; ಇಂಗ್ಲಿಷಿನಲ್ಲಿ ಬರೆದರೆ ಹುಡುಗರು ಅದನ್ನು ಪರೀಕ್ಷೆಯ ಗದ್ಯಭಾಗವೆಂದು ಭಾವಿಸಿ ಅಡಿಗೆರೆ ಎಳೆಯುತ್ತಾರೆ.

ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಬರುವ ವಿದೇಶಿಯರಲ್ಲಿ ಹೆಚ್ಚಿನವರು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಿಂದ ಬಂದವರು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದದಲ್ಲಿ, ಇಂಗ್ಲಿಷ್ ಬೋಧನೆಯ ಅರ್ಹತೆ ಪಡೆದ ಭಾರತೀಯರಿಗೂ ಸಹಾಯಕ ಶಿಕ್ಷಕರಾಗಿ ಬರಲು ಅವಕಾಶವಿದೆ. ಬಿ.ಎಡ್. ಮುಗಿಸಿ ಶಿವಮೊಗ್ಗದ ಕಡೆ ಆರು ವರ್ಷ ಪಾಠ ಮಾಡಿದ್ದ ನಾನು ಆ ಕಿಂಡಿಯಲ್ಲಿ ತೂರಿ ಬಂದವಳು. ಸೇರಿದ್ದು ಬೂಸಾನ್ ನಗರಕ್ಕೆ ಹೊಂದಿಕೊಂಡಂತಿರುವ ಗಿಮ್ಹೆ ಎಂಬ ಊರಿನ ಒಂದು ಬಾಲಕರ ಮಾಧ್ಯಮಿಕ ಶಾಲೆಗೆ. ವಾರಕ್ಕೆ ಇಪ್ಪತ್ತೆರಡು ತರಗತಿ, ಒಂದೊಂದೂ ನಲವತ್ತೈದು ನಿಮಿಷ, ಒಂದೊಂದರಲ್ಲೂ ಇಪ್ಪತ್ತೈದಕ್ಕೆ ಕಡಿಮೆಯಿಲ್ಲದ ಹುಡುಗರು. ಅವರು ಊಟದ ಬಿಡುವಿನ ಹೆಚ್ಚಿನ ಪಾಲನ್ನು ಫುಟ್‌ಬಾಲಿಗೆ ಕೊಟ್ಟು, ಉಳಿದ ಐದು ನಿಮಿಷದಲ್ಲಿ ಅನ್ನ, ಸೂಪು, ಕಿಮ್ಚಿಗಳನ್ನು ಸ್ಟೀಲ್ ತಟ್ಟೆಯಿಂದ ಹೊಟ್ಟೆಗೆ ವರ್ಗಾಯಿಸಿ, ಬೆವರು ಆರುವ ಮುನ್ನವೇ ಐದನೆಯ ಪಿರಿಯಡ್ಡಿಗೆ ಬಂದು ಕೂರುವಂಥವರು. ಆ ಪಿರಿಯಡ್ಡಿನಲ್ಲಿ ಕಿಟಕಿ ತೆರೆಯುವುದು ನನ್ನ ಬೋಧನಾ ವಿಧಾನದ ಮೊದಲ ಹೆಜ್ಜೆಯಾಗಿತ್ತು.

ಗಿಮ್ಹೆಯಲ್ಲಿ ಭಾರತೀಯಳಾಗಿರುವುದಕ್ಕೆ ಒಂದು ವಿಚಿತ್ರ ಸವಲತ್ತಿದೆ. ಹದಿಮೂರನೆಯ ಶತಮಾನದಲ್ಲಿ ಸಂಕಲನಗೊಂಡ 'ಸಾಮ್‌ಗುಕ್ ಯೂಸಾ' ಎಂಬ ಗ್ರಂಥದ ಪ್ರಕಾರ, ಕ್ರಿ.ಶ. 48ರಲ್ಲಿ 'ಆಯುತ' ಎಂಬ ದೇಶದ ರಾಜಕುಮಾರಿ ಹೋ ಹ್ವಾಂಗ್‌-ಓಕ್ ಹಡಗಿನಲ್ಲಿ ಬಂದು, ಇಲ್ಲಿನ ಗಾಯಾ ರಾಜ್ಯದ ದೊರೆ ಸೂರೋನನ್ನು ಮದುವೆಯಾದಳು. ಆಯುತವೆಂದರೆ ಅಯೋಧ್ಯೆ ಎಂದು ಹಲವರು ನಂಬುತ್ತಾರೆ. ಇತಿಹಾಸಕಾರರು ಒಪ್ಪಲಿ ಬಿಡಲಿ, ರಾಣಿಯ ಸಮಾಧಿ ಊರಿನ ನಡುವೆಯೇ ಇದೆ, ಹಡಗಿನ ಜೊತೆ ಬಂದಿತೆಂದು ಹೇಳುವ ಕಲ್ಲಿನ ಪುಟ್ಟ ಗೋಪುರವೂ ಇದೆ. ಗಿಮ್ಹೆ ಕಿಮ್ ವಂಶದವರು ತಮ್ಮನ್ನು ಆ ದಂಪತಿಗಳ ಸಂತತಿ ಎಂದು ಹೇಳಿಕೊಳ್ಳುತ್ತಾರೆ. ನಾನು ಮೊದಲ ದಿನ ಭಾರತದವಳೆಂದು ಪರಿಚಯ ಹೇಳಿಕೊಂಡಾಗ ಒಬ್ಬ ಹುಡುಗ ಎದ್ದು ನಿಂತು, ತಾನು ಗಿಮ್ಹೆ ಕಿಮ್ ಎಂದೂ, ತನ್ನ ಅಜ್ಜಿಯ ಅಜ್ಜಿಯ ಅಜ್ಜಿ ಭಾರತದವಳೆಂದೂ, ಆದ್ದರಿಂದ ಹೋಮ್‌ವರ್ಕಿನಲ್ಲಿ ನೆಂಟರಿಗೆ ರಿಯಾಯಿತಿ ಸಿಗಬೇಕೆಂದೂ ಗಂಭೀರವಾಗಿ ವಾದಿಸಿದ. ತಕ್ಷಣ ಅದೇ ತರಗತಿಯ ಇನ್ನೂ ನಾಲ್ವರು ಕಿಮ್‌ಗಳು ಕೈ ಎತ್ತಿದರು. ತವರಿನ ಕಡೆಯವಳೆಂಬ ಪಟ್ಟ ನನಗೆ ಹೀಗೆ ಬಂತು.

ಎಲ್ಲರೂ ಅಷ್ಟು ಸುಲಭವಾಗಿ ನೆಂಟರಾಗಲಿಲ್ಲ. ಮೊದಲ ತಿಂಗಳಲ್ಲಿಯೇ ಒಬ್ಬ ಪೋಷಕರು ಶಾಲೆಗೆ ಫೋನ್ ಮಾಡಿ, ಭಾರತೀಯರ ಉಚ್ಚಾರಣೆ ಕಲಿತರೆ ಮಕ್ಕಳ ಇಂಗ್ಲಿಷ್ ಕೆಡುವುದಿಲ್ಲವೇ ಎಂದು ವಿಚಾರಿಸಿದ್ದರಂತೆ. ತರಗತಿಯಲ್ಲಿ ನನ್ನ ಜೊತೆಗಿರುವ ಕೊರಿಯನ್ ಸಹಶಿಕ್ಷಕಿ ಆ ಕರೆಗೆ ಉತ್ತರಿಸಿ, ಒಂದು ವರ್ಷದವರೆಗೆ ನನಗೆ ಅದರ ಸುಳಿವನ್ನೂ ಕೊಟ್ಟಿರಲಿಲ್ಲ. ಸುಳಿವು ಸಿಗದಿದ್ದರೂ ಅಂಜಿಕೆ ನನ್ನೊಳಗೇ ಇತ್ತು. ಕೊರಿಯನ್ನರ ನಾಲಿಗೆಯಲ್ಲಿ 'ಫ' ಹೋಗಿ 'ಪ' ಆಗುತ್ತದೆ, ನಮ್ಮಲ್ಲಿ ಸ್ಕೂಲು 'ಇಸ್ಕೂಲು' ಆದರೆ ಅವರಲ್ಲಿ 'ಸುಕೂಲ್' ಆಗುತ್ತದೆ, ನಮ್ಮ 'ಬಸ್ಸು' ಅವರ 'ಬೊಸು'. ಪದದ ಕೊನೆಗೆ ಒಂದು ಸ್ವರವಿಲ್ಲದೆ ಇಬ್ಬರಿಗೂ ಸಮಾಧಾನವಿಲ್ಲ. ('ಕುಳಿತುಕೊಳ್ಳಿ' ಎನ್ನುವ ಇಂಗ್ಲಿಷ್ ಪದದಲ್ಲಿ ಅವರ 'ಸಿ'ಯು 'ಶಿ' ಆದಾಗ ಒದಗುವ ಅನಾಹುತವನ್ನು ಇಲ್ಲಿ ಬರೆಯಲಾರೆ.) ಇವರನ್ನು ತಿದ್ದಲು ನಾನು ಯಾರು ಎಂಬ ಅಳುಕಿನಿಂದಲೇ ನಾನು ಪ್ರತಿ ಪದವನ್ನೂ ಬೇಕಾದ್ದಕ್ಕಿಂತ ಗಟ್ಟಿಯಾಗಿ, ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದೆ. ಗಂಟಲು ಕೆಟ್ಟದ್ದು ಹುಡುಗರ ಗಲಾಟೆಯಿಂದ ಎಂದು ಎಲ್ಲರೂ ತಿಳಿದರು. ಅದರಲ್ಲಿ ಅರ್ಧ ಪಾಲು ಈ ಅಳುಕಿನದು.

ಎರಡನೆಯ ವರ್ಷದ ಅಕ್ಟೋಬರ್ ಕೊನೆಯ ಹೊತ್ತಿಗೆ ಬೆಳಗಿನ ಧ್ವನಿ ಮಧ್ಯಾಹ್ನದವರೆಗೆ ಉಳಿಯುತ್ತಿರಲಿಲ್ಲ. ನವೆಂಬರಿನ ಮೊದಲ ವಾರ ಅದು ಬೆಳಗಿಗೂ ಇರಲಿಲ್ಲ. ಕಿವಿ-ಮೂಗು-ಗಂಟಲಿನ ವೈದ್ಯರು ಮೂಗಿನ ಮೂಲಕ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು: ಎರಡು ಬಿಳಿಯ ಮಡಿಕೆಗಳು, ಎರಡರ ಅಂಚಿನಲ್ಲೂ ಎದುರುಬದುರಾಗಿ ಒಂದೊಂದು ಸಣ್ಣ ಗಂಟು. ಹೆಂಗಸರು ಮಾತನಾಡುವಾಗ ಈ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ಅವೂ ಜಡ್ಡುಗಟ್ಟುತ್ತವೆ. ಎರಡು ವಾರ ಸಂಪೂರ್ಣ ಮೌನ, ಪಿಸುಗುಟ್ಟುವುದೂ ಕೂಡದು, ಆಮೇಲೆ ಧ್ವನಿ ಚಿಕಿತ್ಸೆ ಎಂದರು. ನಾನು ತಲೆಯಾಡಿಸಿದೆ. ಔಷಧದಂಗಡಿಯವರು ಒಂದೊಂದು ಹೊತ್ತಿನ ಮಾತ್ರೆಗಳನ್ನು ಒಂದೊಂದು ಪುಟ್ಟ ಕಾಗದದ ಪೊಟ್ಟಣದಲ್ಲಿ ಮುಚ್ಚಿ ಉದ್ದ ಮಾಲೆಯಂತೆ ಕೈಗಿತ್ತರು. ಮನೆಗೆ ಬರುವ ದಾರಿಯಲ್ಲಿ ನಾನು ಯೋಚಿಸಿದ್ದು ಒಂದೇ: ಮುಂದಿನ ವರ್ಷದ ಕರಾರಿನ ಮಾತು ನಡೆಯುತ್ತಿರುವ ಸಮಯವಿದು, ಇಂಗ್ಲಿಷನ್ನು ಬಾಯಿಂದ ಕೇಳಿಸುವುದಕ್ಕೆಂದೇ ಕರೆಸಿಕೊಂಡ ವಿದೇಶಿ ಟೀಚರಿಗೆ ಬಾಯಿಯೇ ಇಲ್ಲದಿದ್ದರೆ ಅವಳಿಂದ ಶಾಲೆಗೆ ಏನು ಉಪಯೋಗ?

ನನ್ನ ಮೊದಲ ಕೃತಜ್ಞತೆ ಸಹಶಿಕ್ಷಕಿಗೆ. 'ಔಷಧದಂಗಡಿಯ ಜ್ಯೇಷ್ಠಮಧು' ಎಂದು ಕೊರಿಯನ್ನರಲ್ಲಿ ಒಂದು ಮಾತಿದೆ. ಎಲ್ಲ ಕಷಾಯಕ್ಕೂ ಬೀಳುವ ಬೇರಿನಂತೆ, ಎಲ್ಲ ಕೆಲಸದಲ್ಲೂ ಇರುವವರು ಎಂದು ಅರ್ಥ. ಆಕೆ ಅಂಥವರು. ನಾನು ಮೂರು ದಿನದ ರಜೆ ಮುಗಿಸಿ, ಇನ್ನಷ್ಟು ರಜೆಯ ಅರ್ಜಿ ಹಿಡಿದು ಹೋದಾಗ ಅವರು ಅದನ್ನು ಓದಿ ಮಡಿಸಿ ಮೇಜಿನ ಮೇಲಿಟ್ಟು, "ನಿಮ್ಮ ಕೈ ಚೆನ್ನಾಗಿದೆಯಲ್ಲ?" ಎಂದರು. ಉಪಪ್ರಾಂಶುಪಾಲರ ಬಳಿಗೆ ಅವರೇ ಹೋಗಿ, ನಾನು ತರಗತಿಯಲ್ಲಿದ್ದು ಬೋರ್ಡಿನ ಮೇಲೆ ಬರೆಯುವುದು, ಹುಡುಗರು ಓದುವುದು, ತಪ್ಪಿದ್ದನ್ನು ನಾನು ಸನ್ನೆಯಲ್ಲಿ ತಿದ್ದುವುದು ಎಂಬ ಏರ್ಪಾಡಿಗೆ ಒಪ್ಪಿಗೆ ತಂದರು. ಪೋಷಕರ ಫೋನ್ ಕರೆಯ ಕತೆಯನ್ನು ಅವರು ನನಗೆ ಹೇಳಿದ್ದೂ ಆ ದಿನವೇ, ನಗುತ್ತಾ, "ಈಗ ನಿಮಗೆ ಉಚ್ಚಾರಣೆಯೇ ಇಲ್ಲ, ಯಾರೂ ದೂರು ಕೊಡಲಾರರು" ಎಂದು. ಅವರ ತಾಯಿ ಕಳಿಸಿದ, ಮರಸೇಬು (ಪಿಯರ್) ಮತ್ತು ದೊರಾಜಿ ಎಂಬ ಗಿಡದ ಬೇರು ಕುದಿಸಿದ ಕಷಾಯದ ಪೊಟ್ಟಣಗಳನ್ನು ನಾನು ಇಡೀ ಚಳಿಗಾಲ ಕುಡಿದೆ. ಇತ್ತ ನಮ್ಮ ಅಮ್ಮ ವಿಡಿಯೋ ಕರೆಯಲ್ಲಿ ಜ್ಯೇಷ್ಠಮಧು ಅಗಿ ಎಂದು ಗದರುತ್ತಿದ್ದರು, ಗದರಿಸಿಕೊಂಡು ಸುಮ್ಮನಿರುವ ಮಗಳನ್ನು ಬದುಕಿನಲ್ಲಿ ಮೊದಲ ಬಾರಿಗೆ ಕಂಡು ಕಣ್ಣೊರೆಸಿಕೊಳ್ಳುತ್ತಿದ್ದರು.

ಇನ್ನು ಹುಡುಗರು. ಪ್ರತಿ ತರಗತಿಗೂ ಒಬ್ಬ 'ಟೀಚರ ಧ್ವನಿ' ಬೇಕೆಂದು ಸಹಶಿಕ್ಷಕಿ ಹೇಳಿದಾಗ ಅವರು ಅದನ್ನು ತಮ್ಮ ಎಲ್ಲ ರಾಜ್ಯಾಂಗ ಪ್ರಶ್ನೆಗಳಂತೆಯೇ 'ಕಾವಿ-ಬಾವಿ-ಬೊ' ಆಡಿ ತೀರ್ಮಾನಿಸಿದರು. ಕೈಬೆರಳುಗಳಲ್ಲಿ ಆಡುವ ಆಟವದು; ಕತ್ತರಿ, ಬಂಡೆ, ಬಟ್ಟೆ ಎಂದು ಅದರ ಅರ್ಥ. ನನ್ನ ಕಿವಿಗೆ ಮಾತ್ರ ಅದು ಯಾವಾಗಲೂ ಸನ್ಯಾಸಿಯೊಬ್ಬ ನೀರು ಸೇದಲು ಹೊರಟಂತೆ ಕೇಳಿಸುತ್ತದೆ. ಮೊದಲ ವಾರ ಸೋತವನು ಓದಬೇಕಿತ್ತು, ಅವನು ನಾಚಿ ತಲೆತಗ್ಗಿಸಿ ಓದುತ್ತಿದ್ದ. ಎರಡನೆಯ ವಾರ ನಾನು ತರಗತಿಗೆ ಹೋದರೆ ಗೆದ್ದವನು ಓದುವುದೆಂದು ನಿಯಮ ಬದಲಾಗಿತ್ತು. ಯಾರು, ಯಾವಾಗ ಬದಲಿಸಿದರೆಂದು ನನಗೆ ತಿಳಿಯದು. ಧ್ವನಿಯಾದವನು ನನ್ನ ವಾಕ್ಯಗಳನ್ನು ಓದುವುದಷ್ಟೇ ಅಲ್ಲದೆ ನನ್ನ ಹಾಗೆ ಕನ್ನಡಕ ಮೇಲೇರಿಸಿ, ನನ್ನ ಹಾಗೆ ಒಂದು ಹುಬ್ಬು ಎತ್ತಿ, ನನ್ನದೇ ಉಚ್ಚಾರಣೆಯಲ್ಲಿ, ನಮ್ಮ ಮಲೆನಾಡಿನ 'ರ'ಕಾರ ಸಮೇತ, "ಬಾಯ್ಸ್, ಲಿಸನ್" ಎನ್ನುತ್ತಿದ್ದ. ಮಕ್ಕಳ ಇಂಗ್ಲಿಷನ್ನು ಕೆಡಿಸುತ್ತದೆಂದು ಯಾರೋ ಹೆದರಿದ್ದ ಆ ಉಚ್ಚಾರಣೆಯನ್ನು ಇಪ್ಪತ್ತೆಂಟು ಕೊರಿಯನ್ ಬಾಯಿಗಳು ಒಕ್ಕೊರಲಿನಿಂದ ಪುನರುಚ್ಚರಿಸುವುದನ್ನು ಕೇಳುತ್ತಾ ನಾನು ಬೋರ್ಡಿನ ಕಡೆ ತಿರುಗಿ ಸ್ವಲ್ಪ ಹೊತ್ತು ಏನನ್ನೂ ಬರೆಯದೆ ನಿಂತಿದ್ದೆ.

ಎಂದೂ ಬಾಯಿ ಬಿಡದ ಒಬ್ಬ ಹುಡುಗನಿದ್ದ. ಇಂಥ ಬರಹಗಳಲ್ಲಿ ಅಂಥವನು ಕೊನೆಗೆ ಎದ್ದು ಮಾತನಾಡಬೇಕು, ಇವನು ಮಾತನಾಡಲಿಲ್ಲ. ನನ್ನ ಪಿರಿಯಡ್ಡಿಗೆ ಮುನ್ನ ಬೋರ್ಡು ಒರೆಸಿ, ಒಣಗದ ಮಾರ್ಕರುಗಳನ್ನು ಹುಡುಕಿ ಸಾಲಾಗಿ ಇಟ್ಟು ಹೋಗಿ ಕೂರುತ್ತಿದ್ದ. ಮೌನದಲ್ಲಿ ನಾವಿಬ್ಬರೇ ಸಮಾನರಾಗಿದ್ದೆವು.

ನನ್ನ ಮೌನದ ಎರಡನೆಯ ವಾರದ ಗುರುವಾರ ದೇಶದ ಕಾಲೇಜು ಪ್ರವೇಶ ಪರೀಕ್ಷೆ, ಸುನುಂಗ್. ಆ ದಿನ ಕಚೇರಿಗಳು ತಡವಾಗಿ ತೆರೆಯುತ್ತವೆ, ತಡವಾದ ವಿದ್ಯಾರ್ಥಿಗಳನ್ನು ಪೊಲೀಸರು ತಮ್ಮ ವಾಹನದಲ್ಲಿ ಕೇಂದ್ರಕ್ಕೆ ತಲುಪಿಸುತ್ತಾರೆ, ಇಂಗ್ಲಿಷ್ ಆಲಿಸುವ ಪರೀಕ್ಷೆ ನಡೆಯುವಾಗ ಮಧ್ಯಾಹ್ನ 1:05ರಿಂದ 1:40ರವರೆಗೆ ದೇಶದಾದ್ಯಂತ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬೂಸಾನಿನ ವಿಮಾನ ನಿಲ್ದಾಣ ನಮ್ಮ ಊರಿನ ಮಗ್ಗುಲಲ್ಲೇ ಇರುವುದರಿಂದ ತರಗತಿಯ ನಡುವೆ ವಿಮಾನದ ಸದ್ದಿಗಾಗಿ ಮಾತು ನಿಲ್ಲಿಸುವುದು ನಮಗೆಲ್ಲ ರೂಢಿ. ಆ ಮಧ್ಯಾಹ್ನ ಸದ್ದು ಬರಲಿಲ್ಲ. ಕಿಟಕಿಯ ಬಳಿ ಕುಳಿತಿದ್ದ, ನನ್ನ 'ನೆಂಟ'ನಾದ ಆ ಕಿಮ್, ಆಕಾಶವನ್ನು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ನನ್ನನ್ನು ತೋರಿಸಿದ. ಇಡೀ ತರಗತಿ ನಕ್ಕಿತು, ಆದರೆ ಸದ್ದು ಮಾಡದೆ, ಭುಜ ಕುಣಿಸಿ. ಹದಿನೈದು ವರ್ಷದ ಹುಡುಗರು ಅಷ್ಟು ಜನ ಒಟ್ಟಿಗೆ ಶಬ್ದವಿಲ್ಲದೆ ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಸಾಧ್ಯವೆಂದೂ ತಿಳಿದಿರಲಿಲ್ಲ.

ಅಡುಗೆಮನೆಯ ಹೆಂಗಸರಿಗೆ ನಾನು ಎರಡು ವರ್ಷದ ಋಣಿ. ಇಲ್ಲಿನ ಸೂಪಿಗೆ ಒಣಮೀನಿನ ಸಾರವೂ ಕಿಮ್ಚಿಗೆ ಸಿಗಡಿಯ ಉಪ್ಪಿನಕಾಯಿಯೂ ಬೀಳುತ್ತದೆಂಬ ಕಾರಣಕ್ಕೆ, ಮಾಂಸ ತಿನ್ನದ ನನಗೆಂದು ಅವರು ತೋಫುವನ್ನೋ ಮೊಳಕೆಕಾಳಿನ ಪಲ್ಯವನ್ನೋ ಮೊದಲಿನಿಂದಲೂ ಬೇರೆ ತೆಗೆದಿಡುತ್ತಿದ್ದರು. ಗಂಟಲು ಕಟ್ಟಿದ ಮೇಲೆ ದಿನವೂ ಒಂದು ಬಟ್ಟಲು 'ಜುಕ್' ಸೇರಿತು. ಅದು ನಮ್ಮ ಗಂಜಿಯೇ, ಒಂದು ಹನಿ ಎಳ್ಳೆಣ್ಣೆಯೊಂದಿಗೆ. ದೊಂಗ್‌ಸಾಂಗ್-ದೊಂಗ್ ಮಾರುಕಟ್ಟೆಯಲ್ಲಿ, ನಾನು ಚೀಟಿಯಲ್ಲಿ ಬರೆದು ತೋರಿಸಿದ ಮೆಣಸು, ಜೀರಿಗೆಗಳನ್ನು ಕಟ್ಟಿಕೊಟ್ಟು ಚಿಲ್ಲರೆಯ ಜೊತೆ ಒಂದು ತುಂಡು ಶುಂಠಿ ಹಾಕುತ್ತಿದ್ದ ನೇಪಾಳದ ಅಂಗಡಿಯವರಿಗೂ, ಪ್ರತಿ ಬೆಳಿಗ್ಗೆ ಗೇಟಿನಲ್ಲಿ ನನ್ನ ತಲೆಬಾಗುವಿಕೆಗಿಂತ ಒಂದು ಗೇಣು ಹೆಚ್ಚು ಬಾಗುತ್ತಿದ್ದ ಶಾಲೆಯ ಕಾವಲಿನ ಅಜ್ಜನಿಗೂ, ಡಿಸೆಂಬರಿನಲ್ಲಿ ನನಗೆ ಶಿಶುವಿನಂತೆ ಗುನುಗುವುದನ್ನು ಕಲಿಸಿದ ಧ್ವನಿ ಚಿಕಿತ್ಸಕಿಗೂ ನಮಸ್ಕಾರ.

ಒಂದು ಲೆಕ್ಕ ಬಾಕಿ ಇತ್ತು. 2016ರ ಸೆಪ್ಟೆಂಬರ್ 28ರಂದು ಜಾರಿಗೆ ಬಂದ ಭ್ರಷ್ಟಾಚಾರ ತಡೆ ಕಾನೂನಿನ ಪ್ರಕಾರ ವಿದ್ಯಾರ್ಥಿಯಿಂದ ಅವನಿಗೆ ಅಂಕ ಕೊಡುವ ಶಿಕ್ಷಕರು ಏನನ್ನೂ ಪಡೆಯುವಂತಿಲ್ಲ, ಒಂದು ಲೋಟ ಕಾಫಿಯನ್ನೂ ಸಹ. ರಜೆ ಮುಗಿಸಿ ನಾನು ಮೌನವಾಗಿ ತರಗತಿಗೆ ಮರಳಿದ ಮೊದಲ ದಿನ ಮೂರನೆಯ ವರ್ಷದ ಹುಡುಗನೊಬ್ಬ ಗಂಟಲಿನ ಮಿಠಾಯಿಯ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದ. ಕಾನೂನನ್ನು ವಿವರಿಸಲು ನನಗೆ ಧ್ವನಿ ಇರಲಿಲ್ಲ. ಕೈಯಾಡಿಸಿ ಹಿಂದಿರುಗಿಸಿದೆ, ಅವನ ಮುಖ ಸಣ್ಣದಾಯಿತು, ಆ ಮುಖ ನನ್ನನ್ನು ಬಹಳ ದಿನ ಕಾಡಿತು. ಬೀಳ್ಕೊಡುಗೆಯ ದಿನ ಎಲ್ಲರೂ ಹೂಗುಚ್ಛ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಅವನು ತನ್ನ ಪ್ರಮಾಣಪತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಸಹಶಿಕ್ಷಕಿಯ ಕಡೆ ಒಮ್ಮೆ ನೋಡಿದ. ಅವರು ತಲೆಯಾಡಿಸಿದರು. ಆಗ ಅವನು ಕೋಟಿನ ಜೇಬಿನಿಂದ ಅದೇ ಪೊಟ್ಟಣವನ್ನು ತೆಗೆದು, ಹಿಂಬದಿ ತಿರುಗಿಸಿ, ಅವಧಿ ಮುಗಿಯಲು ಇನ್ನೂ ಎಂಟು ತಿಂಗಳಿದೆ ಎಂದು ಬೆರಳಿಟ್ಟು ತೋರಿಸಿ, ಎರಡೂ ಕೈಯಲ್ಲಿ ಕೊಟ್ಟ. ನಾನೂ ಎರಡೂ ಕೈಯಲ್ಲಿ ಪಡೆದು, "ಥ್ಯಾಂಕ್ ಯೂ" ಎಂದೆ. ಅವನು ಹುಬ್ಬು ಎತ್ತಿ, ನನ್ನದೇ ಉಚ್ಚಾರಣೆಯಲ್ಲಿ, "ಲೌಡರ್, ಪ್ಲೀಸ್" ಎಂದ.