ತಮಾಷೆಗೆ ಕೊಟ್ಟ ಆಲ್ಬಮ್

ಪ್ರೀತಿಯ ಗೆಳೆಯಾ,

ಹೋದ ಸಲ ಮಾತಾಡುವಾಗ ಎರಡು ಸಂಗೀತ ಬೆರೆಸೋದರ ಬಗ್ಗೆ 'ಫ್ಯೂಷನ್ ಅಂದ್ರೆ ಬರೀ ಕಲಸುಮೇಲೋಗರ' ಅಂತ ಒಂದೇ ಮಾತಲ್ಲಿ ನನ್ನ ಬಾಯಿ ಮುಚ್ಚಿಸಿಬಿಟ್ಟೆ. ಆಗ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ: ರುದ್ರೇಶ್ ಮಹಾಂತಪ್ಪ ಅವರ 'ಕಿನ್ಸ್‌ಮೆನ್' ಕೇಳು. 2008ರಲ್ಲಿ ಬಂದ ಆಲ್ಬಮ್.

ರುದ್ರೇಶ್ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ಆಲ್ಟೊ ಸ್ಯಾಕ್ಸೊಫೋನ್ ವಾದಕ. ಹೆಸರು ನೋಡಿದವರೆಲ್ಲ ಇವರಿಗೆ ಭಾರತೀಯ ಸಂಗೀತ ಬಂದೇ ಬರುತ್ತೆ ಅಂದುಕೊಳ್ಳೋರಂತೆ. ಇವರು ತಲೆಗೆ ಹತ್ತಿಸಿಕೊಂಡಿದ್ದು ಮಾತ್ರ ಜಾಝ್ ಸ್ಯಾಕ್ಸೊಫೋನಿನ ದಿಗ್ಗಜ ಚಾರ್ಲಿ ಪಾರ್ಕರ್‌ನನ್ನು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವಾಗ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಮ್ ಕೊಟ್ಟ, 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ನುಡಿಸಿದವರು ನಮ್ಮ ಕದ್ರಿ ಗೋಪಾಲನಾಥರು! ಕೇಳಿದ ಮೇಲೆ ನಗು ಎಲ್ಲಿಂದ ಬರಬೇಕು?

ಗೋಪಾಲನಾಥರ ಕಥೆ ನಿನಗೆ ಗೊತ್ತೇ ಇದೆ. ನಾಗಸ್ವರದ ಮನೆಯ ಹುಡುಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು. ಜಾಝ್‌ನವರ ಸಹವಾಸವೂ ಹೊಸದಲ್ಲ, 1980ರಲ್ಲೇ ಬಾಂಬೆಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದ್ದರು.

ಇವೆರಡನ್ನೂ ಸೇರಿಸೋದರಲ್ಲಿ ಕಷ್ಟ ಇರೋದು ಎಲ್ಲಿ ಗೊತ್ತಾ? ಜಾಝ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗುಚ್ಛಗಳು) ಬದಲಾಗ್ತಾ ಹೋದ ಹಾಗೆ ಕಾಲ ಕೆಳಗಿನ ನೆಲವೇ ಸರಿಯುತ್ತೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಆಧಾರಸ್ವರ ಷಡ್ಜ ಕದಲೋ ಹಾಗಿಲ್ಲ. ಒಬ್ಬರು ಇನ್ನೊಬ್ಬರ ಮನೆಗೆ ನೆಂಟರಾಗಿ ಹೋಗಿ ನಾಲ್ಕು ಸ್ವರ ಊದಿ ಬಂದರೆ ನೀನು ಬೈಯೋ ಕಲಸುಮೇಲೋಗರವೇ ಆಗುತ್ತೆ, ಒಪ್ಪಿದೆ. ರುದ್ರೇಶ್ ಹಾಗೆ ಮಾಡಲಿಲ್ಲ. ಇಲ್ಲಿಗೇ ಬಂದು ಗೋಪಾಲನಾಥರ ಜೊತೆ ಕೂತು ಕಲಿತು, ಆಮೇಲೆ ಅವರನ್ನೂ ಸೇರಿಸಿಕೊಂಡು ನುಡಿಸೋಕೆ 'ಕಿನ್ಸ್‌ಮೆನ್' ಬರೆದರು. ಹಾಗಾಗಿ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಒಂದು ಕಡೆ, ಗಿಟಾರ್, ಬಾಸ್, ಡ್ರಮ್ಸ್ ಇನ್ನೊಂದು ಕಡೆ ಇದ್ದರೂ ಯಾರೂ ಅಲಂಕಾರಕ್ಕೆ ಕೂತ ಹಾಗಿಲ್ಲ. ನಡುನಡುವೆ ಒಬ್ಬೊಬ್ಬರದೇ ಪುಟ್ಟ ಆಲಾಪನೆ ಬೇರೆ. ನನಗೆ ಅವೇ ಹೆಚ್ಚು ಇಷ್ಟ.

ಇಬ್ಬರದೂ ಒಂದೇ ಬಗೆಯ ಸ್ಯಾಕ್ಸೊಫೋನ್, ಆಲ್ಟೊ. ಯಾರದು ಯಾವುದು ಅಂತ ಹೇಗೆ ಗುರುತಿಸೋದು? ಗೋಪಾಲನಾಥರ ಸ್ವರ ಎಲ್ಲಿಂದಲೋ ಜಾರಿಕೊಂಡು ಬಂದು ಕೂರುತ್ತೆ. ಗುಂಡಿ ಒತ್ತೋ ವಾದ್ಯದಲ್ಲಿ ಆ ಗಮಕವನ್ನು ತುಟಿಯಿಂದ, ಉಸಿರಿನಿಂದ ಹೊರಡಿಸಬೇಕು ಮಾರಾಯಾ. ರುದ್ರೇಶರ ಸ್ವರಕ್ಕೆ ಅಂಚು ಜಾಸ್ತಿ, ಸಾಲುಗಟ್ಟಿ ನುಗ್ಗುತ್ತೆ.

ಇದು ಹಿಡಿಸಿದರೆ ಷಿಕಾಗೋದಲ್ಲಿ ಹೆಸರು ಮಾಡಿದ ಹಿರಿಯ ಸ್ಯಾಕ್ಸೊಫೋನ್ ವಾದಕ ಬಂಕಿ ಗ್ರೀನ್ ಜೊತೆ ರುದ್ರೇಶ್ 2010ರಲ್ಲಿ ತಂದ 'ಏಪೆಕ್ಸ್' ಕೇಳು. ಅದೂ ಎರಡು ಆಲ್ಟೊ. ರುದ್ರೇಶರ ಇನ್ನೊಂದು ತಂಡ 'ಇಂಡೋ-ಪಾಕ್ ಕೊಯಲಿಷನ್'ನಲ್ಲಿ ಮೂರೇ ಜನ: ಇವರು, ಕರಾಚಿಯಲ್ಲಿ ಹುಟ್ಟಿದ ಗಿಟಾರಿಸ್ಟ್ ರೆಜ್ ಅಬ್ಬಾಸಿ, ತಬಲಾಕ್ಕೆ ಡ್ಯಾನ್ ವೈಸ್.

ಮೊದಲು 'ಕಿನ್ಸ್‌ಮೆನ್' ಮುಗಿಸು. ಹೆಡ್‌ಫೋನ್ ಹಾಕಿಕೊಂಡೇ ಕೇಳು. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಕಸಿದುಕೊಂಡು ನುಡಿಸೋ ಕಡೆ ನಾನು ಈಗಲೂ ಯಾರು ಯಾರು ಅಂತ ತಪ್ಪುತ್ತೀನಿ. ನೀನು ಹಿಡೀತೀಯಾ ನೋಡೋಣ.

ನಿನ್ನ,
ಅದೇ ಹಳೇ ವಾದಗಾರ